ಉಂಡು ಹೋದವರು, ಉಣ್ಣದೆ ಹೋದವರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಫ್ಯಾಕ್ಟರಿಗೆ ಬಂದ ಜರ್ಮನಿಯ ಹೆಂಗಸು ಅವತ್ತು ಉಂಡದ್ದು ಬಸ್ಸಾರೋ ಹುಳಿಯೋ, ಖಚಿತವಿಲ್ಲ. ಅದಕ್ಕೂ ವರ್ಷಗಳ ಹಿಂದೆ ನನ್ನನ್ನು ನೋಡಲು ಅರಕಲಗೂಡಿಗೆ ಬಂದು ಉಣ್ಣದೆ ಹೋದವರ ವಿಷಯದಲ್ಲಂತೂ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನಾನು ಒಳಕೋಣೆಯಲ್ಲಿದ್ದೆ, ಕಂಡದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ಅವರು ನನ್ನನ್ನು ಬೇಡವೆಂದರು ಎಂದೇ ತಿಳಿದುಕೊಂಡು ಬಂದಿದ್ದೆ. ಆ ಜರ್ಮನಿಯವಳು ಬರದೆ ಇದ್ದಿದ್ದರೆ ಈಗಲೂ ಹಾಗೇ ತಿಳಿದಿರುತ್ತಿದ್ದೆ.

ಹೊಳೆನರಸೀಪುರದ ರಸ್ತೆಯಲ್ಲಿ, ಮಿಡಿಸೌತೆಯನ್ನು ಉಪ್ಪುನೀರಲ್ಲಿ ಹಾಕಿ ಡ್ರಮ್ಮುಗಳಲ್ಲಿ ಹೊರದೇಶಕ್ಕೆ ಕಳಿಸುವ ಫ್ಯಾಕ್ಟರಿಯಲ್ಲಿ ನನಗೆ ಕೆಲಸ. ಇಂಗ್ಲಿಷ್ ಎಂ.ಎ. ಓದಿದವಳೆಂದು ತೆಗೆದುಕೊಂಡರು. ಓದಿದ್ದು ಕಾದಂಬರಿಯ ಇಂಗ್ಲಿಷು, ಬೇಕಾಗಿದ್ದದ್ದು ಚೌಕಾಸಿಯ ಇಂಗ್ಲಿಷು. ಮೊದಲ ತಿಂಗಳುಗಳಲ್ಲಿ ಯಾರಿಗೂ ‘ಆಗುವುದಿಲ್ಲ’ ಎನ್ನಲು ನನಗೆ ಬರುತ್ತಿರಲಿಲ್ಲ. ಸಣ್ಣ ಗಾತ್ರದ ಕಾಯಿ ಅಷ್ಟು ಬೇಗ ಸಿಗುವುದಿಲ್ಲ ಎಂಬುದು ಗೊತ್ತಿದ್ದೂ ‘ಪ್ರಯತ್ನ ಮಾಡುತ್ತೇವೆ’ ಎಂದು ಬರೆಯುತ್ತಿದ್ದೆ. ನಮ್ಮಲ್ಲಿ ಹಾಗೆಂದರೆ ಕೇಳಿದವರು ಅರ್ಥ ಮಾಡಿಕೊಂಡು ಸುಮ್ಮನಾಗುತ್ತಾರೆ. ಜರ್ಮನಿಯವರು ಹಡಗಿನಲ್ಲಿ ಜಾಗ ಹಿಡಿದು, ಸರಕು ಎಲ್ಲಿ ಎಂದು ಕೇಳುತ್ತಿದ್ದರು.

ದುಬೈನ ವ್ಯಾಪಾರಿಯೊಬ್ಬರದು ಬೇರೆ ಥರ. ದರದ ಮಾತಿಗೆ ಬರುವ ಮೊದಲು ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಒಂದು ಸಲ ಅಲ್ಲ, ಮಾತಿನ ಮಧ್ಯೆ ಮಧ್ಯೆ. ಎಲ್ಲರೂ ಚೆನ್ನಾಗಿದ್ದಾರೆ ಎನ್ನುತ್ತಿದ್ದೆ. ಹಾಸನದ ನನ್ನ ಬಾಡಿಗೆ ಕೋಣೆಯಲ್ಲಿ ಇದ್ದದ್ದು ನಾನೊಬ್ಬಳು. ಹಬ್ಬಕ್ಕೆ ಏನು ಅಡುಗೆ ಎಂದು ಒಮ್ಮೆ ಅವರು ಕೇಳಿದಾಗ ಆರು ಜನಕ್ಕಾಗುವಷ್ಟು ಅಡುಗೆ ವಿವರಿಸಿಬಿಟ್ಟೆ. ಆ ಸಲ ದರ ಸುಲಭವಾಗಿ ಕುದುರಿತು. ಬಸ್ಸಿನಲ್ಲಿ ಹಾಸನಕ್ಕೆ ಬರುವಾಗ ಯಾಕೋ ಅಳು ಬಂತು, ಅಥವಾ ಬಂತೆಂದು ಈಗ ಅನ್ನಿಸುತ್ತಿದೆಯೋ.

ಹೀಗೆ ಕಲಿಯುತ್ತಿರುವಾಗ ಜರ್ಮನಿಯಿಂದ ಆ ಹೆಂಗಸು ಫ್ಯಾಕ್ಟರಿ ನೋಡಲು ಬಂದಳು. ನೆತ್ತಿಯ ಮೇಲೆ ಕನ್ನಡಕ ಏರಿಸಿಕೊಂಡು, ಡ್ರಮ್ಮಿನ ಮುಚ್ಚಳ ತೆಗೆಸಿ, ಕಾಯಿ ಮುರಿದು, ಮೂಸಿ, ಕಚ್ಚಿ ನೋಡಿದಳು. ದರ ಕೇಳಿ ‘ಹೆಚ್ಚು’ ಎಂದಳು. ನಮ್ಮ ಮಾಲೀಕರ ಮನೆಯಿಂದ ಊಟ ಬಂದಿತ್ತು. ಒಲ್ಲೆ ಎನ್ನುತ್ತಾಳೇನೋ ಅಂದುಕೊಂಡರೆ, ಕೈ ತೊಳೆದು ಬಂದು ಕೂತು ಒಂದು ಮುದ್ದೆ ಪೂರ್ತಿ ಉಂಡಳು. ಇನ್ನೊಮ್ಮೆ ಅನ್ನ ಹಾಕಿಸಿಕೊಂಡಳು. ಮಾಲೀಕರು ಬಾಗಿಲಲ್ಲಿ ನಿಂತು ನನ್ನನ್ನು ಸನ್ನೆ ಮಾಡಿ ಕರೆದರು.

“ಉಂಡ್ರಾ?”

“ಹೂಂ ಸಾರ್, ಚೆನ್ನಾಗಿ ಉಂಡ್ರು.”

“ಅಂಗಾರೆ ಆಯ್ತು ಬುಡು. ಇನ್ನ ರೇಟು ಗೀಟು ಅಂತ ಬಾಯಿ ತೆಗೀಬ್ಯಾಡ. ಎಲೆ ಮುಂದೆ ಕುಂತ್ಕಂಡು ಯಾಪಾರ ಮಾತಾಡೋದು ಮರ್ವಾದೆ ಅಲ್ಲ ಕಣಮ್ಮ.”

ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಮನೆಗಳಲ್ಲಿ ಹೆಣ್ಣು ನೋಡಲು ಬಂದವರಿಗೆ ಕಾಫಿ, ಉಪ್ಪಿಟ್ಟು ಆಗುತ್ತದೆ. ಸಂಬಂಧ ಒಪ್ಪದೆ ಅನ್ನಕ್ಕೆ ಕೂರುವುದಿಲ್ಲ. ಕೂತರೆ ಒಪ್ಪಿದ ಹಾಗೆ, ಆಮೇಲೆ ಬೇರೆ ಮಾತಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡವಳು ಬೇಡ ಎನ್ನುತ್ತಾಳೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಮಾರನೆಯ ದಿನದಿಂದಲೇ ಅವಳ ಸರಕಿಗೆಂದು ಕಾಯಿ ವಿಂಗಡಿಸಲು ಶುರುವಾಯಿತು.

ವಾರ ಕಳೆದು ಮೇಲ್ ಬಂತು. ಬೇರೆಯವರಲ್ಲಿ ಕೊಳ್ಳುತ್ತೇವೆ, ಊಟ ಬಹಳ ಚೆನ್ನಾಗಿತ್ತು, ಅಡುಗೆ ಮಾಡಿದವರಿಗೆ ತಿಳಿಸಿ, ಎಂದು. ಮಾಲೀಕರು ಅದನ್ನು ನನ್ನಿಂದ ಎರಡು ಸಲ ಓದಿಸಿದರು. “ಉಂಡ್ಬುಟ್ಟು ಇಂಗಂದಳಾ?” ಎಂದರು. ಸಿಟ್ಟಿಗಿಂತ ಅವರ ದನಿಯಲ್ಲಿ ಆಶ್ಚರ್ಯವೇ ಹೆಚ್ಚಿತ್ತು.

ಅವಳಿಗೆ ಫೋನ್ ಮಾಡಿ ಕೇಳಿದೆ. ಬೈಯಲು ಅಲ್ಲ, ಕಲಿಯಲು. ನಮ್ಮ ಕಡೆ ಊಟ ಮಾಡಿದರೆ ಒಪ್ಪಿದಂತೆ ಎಂದು ವಿವರಿಸಿದೆ. ಅವಳು ನಕ್ಕಳು, ತಕ್ಷಣ ಕ್ಷಮೆ ಕೇಳಿದಳು. ನನಗೆ ಹಸಿವಾಗಿತ್ತು, ಅಷ್ಟೇ, ಎಂದಳು. ಆಮೇಲೆ, ನನ್ನ ಲೆಕ್ಕದ ದರ ಎಷ್ಟಿತ್ತು ಎಂದು ನೀವು ಅಲ್ಲೇ ಕೇಳಿದ್ದರೆ ಹೇಳಿರುತ್ತಿದ್ದೆ, ದೊಡ್ಡ ಅಂತರವೇನೂ ಇರಲಿಲ್ಲ, ಯಾರೂ ಕೇಳಲೇ ಇಲ್ಲವಲ್ಲ, ಎಂದಳು.

ಫೋನ್ ಇಟ್ಟ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಮಿಡಿಸೌತೆಯಲ್ಲ, ಅರಕಲಗೂಡು.

ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅರಕಲಗೂಡಿನ ದೊಡ್ಡಮ್ಮ. ಅವರು ನನ್ನನ್ನು ನೋಡಲು ಬಂದಾಗ ನನಗೆ ಇಪ್ಪತ್ತಾರು. ಹುಡುಗನ ಮನೆಯವರು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು. ಹಿತ್ತಿಲಲ್ಲಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಿದೆವು. ನನ್ನ ಎಂ.ಎ. ವಿಷಯ ಕೇಳಿ, “ನಮ್ಮಂಗಡೀಲಿ ಇಂಗ್ಲಿಷ್ ಬೇಕಾಗಲ್ಲ, ಆದ್ರೆ ನನಗೆ ಬೇಕು, ಹೇಳ್ಕೊಡ್ತೀರಾ?” ಎಂದ. ನಾನು ನಕ್ಕೆ. ಅವನೂ ನಕ್ಕ ಎಂದು ನೆನಪು. ಒಪ್ಪಿಗೆಯೇ ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ಹೂಂ ಎನ್ನುತ್ತಿದ್ದೆ. ಒಳಗೆ ಬಂದು ಕೋಣೆಯಲ್ಲಿ ಕೂತೆ.

ಅಡುಗೆ ಮನೆಯಲ್ಲಿ ಪಾಯಸ ಆಗಿತ್ತು. ಇದರಲ್ಲಿ ಅನುಮಾನವಿಲ್ಲ, ಏಲಕ್ಕಿ ಕುಟ್ಟಿದವಳು ನಾನೇ. ನಡುಮನೆಯಲ್ಲಿ ಮಾತು ನಿಂತಿತು. ಬಹಳ ಹೊತ್ತು ಯಾರೂ ಏನೂ ಅನ್ನಲಿಲ್ಲ. ಇಲ್ಲವೇ ನನಗೆ ಮಾತ್ರ ಬಹಳ ಹೊತ್ತು ಅನ್ನಿಸಿತೋ. ಆಮೇಲೆ ಗಂಡಸರ ದನಿ, ಚಪ್ಪಲಿಯ ಸದ್ದು, ಕಾರಿನ ಬಾಗಿಲು. ದೊಡ್ಡಮ್ಮ ಒಳಗೆ ಬಂದು, “ಅವ್ರು ಉಣ್ಣಲಿಲ್ಲ ಕಣವ್ವ. ನೀನು ಉಣ್ಣೋಗು,” ಎಂದಳು. ನಾನು ಉಂಡೆ. ಎರಡು ದಿನ ಪಾಯಸ ನಮಗೇ ಮಿಕ್ಕಿತ್ತು.

ಊಟಕ್ಕೆ ಏಳಿ ಎಂದು ಹೆಣ್ಣಿನ ಮನೆಯ ಹಿರಿಯರು ಕರೆಯಬೇಕು, ಕರೆಯದಿದ್ದರೆ ಬಂದವರು ಎದ್ದು ಹೋಗುತ್ತಾರೆ. ಆ ಮಾತು ನನಗೆ ಕೇಳಿಸಿತ್ತೇ? ಎಷ್ಟು ಹಿಂದಕ್ಕೆ ಹೋಗಿ ಕಿವಿಗೊಟ್ಟರೂ ಸಿಗುತ್ತಿಲ್ಲ. ಕರೆದದ್ದನ್ನು ನಾನು ಮರೆತಿರಬಹುದು. ಅದಾದ ಮೇಲೆ ದೊಡ್ಡಮ್ಮ ಬೇರೆ ಸಂಬಂಧ ತರಲಿಲ್ಲ. ತಾವಾಗಿ ಬಂದವುಗಳಿಗೆ ಜಾತಕ ಕೊಡಲು ನಾನೂ ಒಪ್ಪಲಿಲ್ಲ. ಒಂದು ಸಲ ಬೇಡ ಅನ್ನಿಸಿಕೊಂಡದ್ದೇ ಸಾಕು ಎಂದುಕೊಂಡಿದ್ದೆ.

ಹೋದ ಭಾನುವಾರ ಅರಕಲಗೂಡಿಗೆ ಹೋದೆ. ದೊಡ್ಡಮ್ಮನ ಮಗ, ಸೊಸೆ ಯಾವುದೋ ಮದುವೆಗೆ ಹೋಗಿದ್ದರು. ದೊಡ್ಡಮ್ಮ ಗೋಡೆಗೊರಗಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಾನು ಎಣ್ಣೆ ಬಟ್ಟಲು ತೆಗೆದುಕೊಂಡು ತಿಕ್ಕತೊಡಗಿದೆ.

“ಏನವ್ವ, ಈ ಸತಿ ಮಕ ಸೊರಗ್ಬುಟ್ಟದೆ? ಆ ಬಿಳಿಯೋರ ಜೊತೆ ಮಾತಾಡಿ ಮಾತಾಡಿ ಉಣ್ಣದೇ ಮರ್ತಿದ್ದೀಯಾ?”

“ಅವರು ಚೆನ್ನಾಗೇ ಉಣ್ಣುತ್ತಾರೆ ದೊಡ್ಡವ್ವ,” ಎಂದೆ. ಆ ಜರ್ಮನಿಯವಳ ಕತೆ ಹೇಳಿದೆ. ದೊಡ್ಡಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. “ಅಯ್ಯೋ ಮೂದೇವಿ! ಕೇಳಾದಲ್ವಾ ಅವ್ಳುನ್ನ!” ಎಂದಳು.

ಅವಳ ನಗು ಇಳಿಯುವವರೆಗೆ ಮಂಡಿ ತಿಕ್ಕುತ್ತಿದ್ದೆ. ಇಂಗ್ಲಿಷಿನಲ್ಲಾದರೆ ಈ ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ನನಗೆ ಗೊತ್ತಿತ್ತು. ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ಕನ್ನಡದಲ್ಲಿ ಕೇಳಿದೆ.

“ದೊಡ್ಡವ್ವ, ಚನ್ನರಾಯಪಟ್ಟಣದವರು ಬಂದಿದ್ದರಲ್ಲ. ಅವತ್ತು ಅವರು ಊಟ ಬೇಡ ಅಂದರಾ, ಇಲ್ಲಾ ಊಟಕ್ಕೆ ಏಳಿ ಅಂತ ನೀನು ಕರೆಯಲೇ ಇಲ್ಲವಾ?”