ಒಳಗಿನಿಂದ ಹಚ್ಚಿದ ತೇಪೆ

ಅಕ್ಕಿಆಲೂರಿನ ಪೇಟೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಕುಕ್ಕರು, ಸ್ಟೋವು, ಬೆಳೆಗೆ ಎಣ್ಣೆ ಹೊಡೆಯುವ ಪಂಪು, ಸೋರುವ ಕೊಡ, ಬಂದದ್ದನ್ನೆಲ್ಲ ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಅಲ್ಯುಮಿನಿಯಂ ಪಾತ್ರೆಗೆ ಜರ್ಮನ್ ಭಾಂಡೆ ಎನ್ನುತ್ತಾರೆ. ಜರ್ಮನ್ ಭಾಂಡೆಯ ತೂತು ಮುಚ್ಚುವುದರಲ್ಲಿ ಹಾನಗಲ್ಲಿನಿಂದ ಹಂಸಭಾವಿಯವರೆಗೆ ನನ್ನಂಥವನು ಇನ್ನೊಬ್ಬನಿಲ್ಲ ಎಂದು ನಂಬಿದ್ದೆ. ಹಾಗೆ ಯಾರೂ ಹೇಳಿರಲಿಲ್ಲ. ಆದರೆ ಅಲ್ಲ ಎಂದೂ ಯಾರೂ ಹೇಳಿರಲಿಲ್ಲವಲ್ಲ, ನನಗೆ ಅಷ್ಟು ಸಾಕಾಗಿತ್ತು.

ಹೆಂಡತಿಯ ತಮ್ಮ ಹಾನಗಲ್ ಹತ್ತಿರದ ತನ್ನೂರಿನ ಕೆರೆಯಲ್ಲಿ ಮೀನು ಸಾಕುತ್ತಾನೆ. ಲಾರಿ ಟ್ಯೂಬಿಗೆ ಬಿದಿರು ಕಟ್ಟಿಕೊಂಡು ಅದರ ಮೇಲೆ ಕುಳಿತು ಬಲೆ ಹಾಕುತ್ತಿದ್ದ. ಒಂದು ದಿನ ಫೋನ್ ಮಾಡಿದ. ಸವಣೂರಿನ ಆಚೆ ಹೊಳೆದಂಡೆಯವರೊಬ್ಬರು ಹಳೆಯ ಜರ್ಮನ್ ದೋಣಿ ಮಾರುತ್ತಿದ್ದರಂತೆ.

"ಸೋರತದಂತ ಮಾಮಾ. ಸೂಜಿಮೊನಿಯಷ್ಟು ತೂತು, ಆದ್ರ ಭಾಳ ಅದಾವು."

ನಾನು ನಕ್ಕೆ. "ತಗೊಂಡ ಬಾ. ಕೊಡದಾಗ ನೀರು ಒಳಗ ಇರಬೇಕು, ದೋಣ್ಯಾಗ ಹೊರಗ ಇರಬೇಕು. ಅಷ್ಟ ಫರಕು."

ಈ ಮಾತು ನನಗೇ ಎಷ್ಟು ಹಿಡಿಸಿತೆಂದರೆ, ಅವತ್ತು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದೆ. ಅದರಲ್ಲಿರುವ ಅರ್ಥ ನನಗೇ ಹೊಳೆಯಲು ಇನ್ನೂ ಕೆಲವು ದಿನ ಬೇಕಾಯಿತು.

ದೋಣಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಬಂಕಾಪುರದ ಮೇಲೆ ಹಾಯ್ದು ನಮ್ಮೂರಿಗೆ ಬಂದದ್ದು ಸಂತೆಯ ದಿನ. ಮೆಣಸಿನಕಾಯಿ ಚೀಲಗಳ ನಡುವೆ ಅದನ್ನು ಇಳಿಸುವಾಗ ಒಬ್ಬರು, "ಏನ್ರೀ, ಈ ಸಲ ಪ್ಯಾಟಿತನಾ ನೀರು ಬರ್ತದೇನು?" ಎಂದು ಕೇಳಿದರು. ನಾನು ದೊಡ್ಡ ಎಂಜಿನಿಯರನ ಹಾಗೆ ಬರೇ ತಲೆ ಅಲ್ಲಾಡಿಸಿದೆ.

ಅಂಗಡಿಯ ಹಿಂದಿನ ಬಯಲಲ್ಲಿ ದೋಣಿಯನ್ನು ಇಟ್ಟಂಗಿಗಳ ಮೇಲೆ ಇಟ್ಟು ಒಳಗೆ ನೀರು ತುಂಬಿದೆ. ತಳದಿಂದ ಹನಿ ಬಿದ್ದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿದೆ. ತಗಡು ಜೋಡಿಸಿದ ಕೆಲವು ರಿವೆಟ್ಟುಗಳ ಸುತ್ತಲೂ ಜಿನುಗುತ್ತಿತ್ತು. ಇಷ್ಟರಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇತ್ತು. ನೀರು ಚೆಲ್ಲಿ, ಬಿಸಿಲಿಗೆ ಒಣಗಿಸಿ, ಉಸುಕಿನ ಕಾಗದದಿಂದ ತಿಕ್ಕಿದೆ. ಎರಡು ಮುದ್ದೆ ಕಲಸಿ ಹಚ್ಚಿದರೆ ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ತಂದು, ಕೊಡಕ್ಕೆ ಹಚ್ಚುವ ಹಾಗೆಯೇ, ಒಳಗಿನಿಂದ ಹಚ್ಚಿದೆ. ಬೆರಳನ್ನು ನೀರಿನಲ್ಲಿ ತೇವ ಮಾಡಿಕೊಂಡು ಒಂದೊಂದು ತೇಪೆಯನ್ನೂ ನುಣುಪು ಮಾಡಿದೆ. ಹೆಂಡತಿ ಚಹಾ ತಂದವಳು ನೋಡಿ, "ಚಂದ ಕಾಣ್ತದ" ಎಂದಳು. ಕುಡಿದ ಚಹಾಕ್ಕಿಂತ ಆ ಮಾತು ಹೆಚ್ಚು ಬಿಸಿಯಾಗಿ ಒಳಗಿಳಿಯಿತು.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ಮದುವೆಯಾದಾಗಿನಿಂದ ಅವರು ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಿದವರಲ್ಲ. ಅಳಿಯನ ಮುಂದೆ ತಲೆಯ ಮೇಲೆ ಸೆರಗು, ಮಾತೇನಿದ್ದರೂ ಮಗಳ ಮೂಲಕ. "ನಿನ್ನ ಗಂಡಗ ಇನ್ನೊಂದು ರೊಟ್ಟಿ ಬೇಕೇನ ಕೇಳು" ಎನ್ನುವರು, ನಾನು ಎದುರಿಗೇ ಕುಳಿತಿರುತ್ತಿದ್ದೆ. ಮಗಳು ಇಲ್ಲದಿದ್ದರೆ ಗೋಡೆಗೆ ಹೇಳುವರು. ಇದು ಹಳೆಯ ಪದ್ಧತಿಯೋ, ಹೊಲವಿಲ್ಲದ ಭಾಂಡೆ ರಿಪೇರಿಯವನಿಗೆ ಮಗಳನ್ನು ಕೊಟ್ಟ ಬೇಸರವೋ ನನಗೆ ತಿಳಿಯಲಿಲ್ಲ. ಎರಡನೆಯದೇ ಎಂದು ಒಳಗೊಳಗೆ ಎಣಿಸಿದ್ದೆ.

ದೋಣಿ ನೀರಿಗಿಳಿಸುವ ದಿನ ಅತ್ತೆ ಕೆರೆಯ ದಂಡೆಗೆ ಬಂದರು. ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಮಗನಿಗೆ ಹೇಳಿದರು: "ನಿಮ್ಮ ಮಾಮಾ ರಿಪೇರಿ ಮಾಡ್ಯಾರಂದಮ್ಯಾಲ ಅಂಜಿಕಿ ಏನದ? ನಾನೂ ಕುಂದ್ರತೇನಿ."

ದಂಡೆಯ ಮೇಲಿದ್ದವರೆಲ್ಲ ನನ್ನತ್ತ ತಿರುಗಿದರು. ನನಗೆ ಈಜು ಬರುವುದಿಲ್ಲ. ಅದನ್ನು ಹೇಳಲು ಅದಕ್ಕಿಂತ ಕೆಟ್ಟ ಗಳಿಗೆ ಇರಲಿಲ್ಲ. ಹತ್ತಿ ಕುಳಿತೆ.

ಮೈದುನ ಹುಟ್ಟು ಹಾಕುತ್ತಿದ್ದ. ಅತ್ತೆ ನಡುವೆ, ಪೂಜೆಯ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಾನು ಹಿಂದೆ. ಕೆರೆಯ ನಡುವಿಗೆ ಹೋಗುವವರೆಗೆ ದೋಣಿಯೊಳಗೆ ಒಂದು ಹನಿಯೂ ಇರಲಿಲ್ಲ. ಅತ್ತೆ ತಾವರೆ ಎಲೆಗಳನ್ನು ಮುಟ್ಟಿ ನೋಡುತ್ತಿದ್ದರು. ನಾನು ಎದೆ ಮುಂದೆ ಮಾಡಿ ದಂಡೆಯವರಿಗೆ ಕೈ ಬೀಸಿದೆ.

ಆಗ ಕಾಲ ಬುಡದಲ್ಲಿ ಟಪ್ ಎಂದು ಸಣ್ಣ ಸಪ್ಪಳವಾಯಿತು. ಒಂದು ತೇಪೆ ಉಬ್ಬಿದ ರೊಟ್ಟಿಯ ಮೇಲ್ಪದರದಂತೆ ಎದ್ದು ಬಂದಿತ್ತು. ಅದರ ಕೆಳಗಿನಿಂದ ನೀರಿನ ಸಣ್ಣ ಬುಗ್ಗೆ. ನಾನು ಹೆಬ್ಬೆರಳು ಒತ್ತಿದೆ. ಅಷ್ಟರಲ್ಲಿ ಇನ್ನೊಂದು. ಅದರ ಮೇಲೆ ಹಿಮ್ಮಡಿ ಇಟ್ಟೆ. ಮೂರನೆಯದರ ಮೇಲೆ ಟವೆಲ್ಲು ಹಾಸಿ, ಸಹಜವೆಂಬಂತೆ ಸರಿದು ಕುಳಿತೆ.

ಆಗ ಅರ್ಥವಾಯಿತು. ಕೊಡದೊಳಗಿನ ನೀರು ಒಳಗಿನ ತೇಪೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ದೋಣಿಯ ಹೊರಗಿನ ನೀರು ಒಳಗಿನ ತೇಪೆಯನ್ನು ತಳ್ಳಿ ಕಿತ್ತು ಹಾಕುತ್ತದೆ. ಊರಿಗೆಲ್ಲ ಹೇಳಿಕೊಂಡು ತಿರುಗಿದ ಆ ಒಂದೇ ಫರಕು ಅದು.

ಅತ್ತೆ ಮಗನಿಗೆ ಹೇಳಿದರು: "ನನ್ನ ಸೀರಿ ಹಸಿ ಆಗೇದ. ದೋಣ್ಯಾಗ ಇಷ್ಟು ನೀರು ಬರೂದು ಸಹಜೇನು, ನಿಮ್ಮ ಮಾಮಾನ್ನ ಕೇಳು."

"ಸ್ವಲ್ಪ ಬರ್ತದರಿ" ಎಂದೆ ನಾನು. "ರಿಪೇರಿ ಹೊಸಾದಾಗ ಹಂಗ."

ಮೈದುನ ಹಿಂತಿರುಗಿ ನೋಡಿ, ದೋಣಿಯನ್ನು ದಂಡೆಯತ್ತ ತಿರುಗಿಸಿದ. ನೀರು ಪಾದ ಮುಚ್ಚಿತು. ನನ್ನ ಕೈಕಾಲು ಎಲ್ಲ ಒಂದೊಂದು ತೂತಿನ ಮೇಲಿದ್ದವು. ಇನ್ನೊಂದು ತೇಪೆ ಎದ್ದಾಗ ಇಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅತ್ತೆ ತಲೆಯ ಮೇಲಿನ ಸೆರಗನ್ನು ಸೊಂಟಕ್ಕೆ ಸಿಗಿಸಿದರು. ತಂಬಿಗೆ ಎತ್ತಿಕೊಂಡು ನೀರು ಮೊಗೆದು ಹೊರಗೆ ಚೆಲ್ಲತೊಡಗಿದರು. ನನ್ನ ಮುಖವನ್ನೇ ನೋಡಿ, ಮೊದಲ ಸಲ ನನ್ನನ್ನೇ ಕೇಳಿದರು:

"ಈಜು ಬರ್ತದೇನ್ರಿ ನಿಮಗ?"

"ಇಲ್ಲರಿ ಅತ್ತಿ."

"ಹಂಗಾರ ಅಲ್ಲಾಡಬ್ಯಾಡ್ರಿ. ಒತ್ತಿ ಹಿಡಕೊಂಡು ಕುಂದರ್ರಿ."

ಅಷ್ಟು ವರ್ಷ ಕಾದಿದ್ದ ಮಾತು ಹೀಗೆ ಬಂತು. ನಾನು ಒತ್ತಿ ಹಿಡಿದುಕೊಂಡು ಕುಳಿತೆ. ಅವರು ಒಂದೇ ಸಮ ಮೊಗೆದರು, ಮಗ ಒಂದೇ ಸಮ ಹುಟ್ಟು ಹಾಕಿದ. ದಂಡೆ ಹತ್ತಿರವಾಗುವಾಗ ನನ್ನ ಮನಸ್ಸಿನಲ್ಲಿದ್ದದ್ದು ಸಾವಿನ ಭಯವಲ್ಲ. ಅಲ್ಲಿ ನಿಂತು ನೋಡುತ್ತಿದ್ದವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು ಎಂಬುದು.

ಮಂದಿ ಸುತ್ತಿಕೊಂಡರು. "ಏನಾತವ್ವ, ಇಷ್ಟ್ಯಾಕ ತೊಯ್ದೀರಿ?" ಎಂದು ಒಬ್ಬಾಕೆ ಕೇಳಿದಳು. ನಾನು ಕಣ್ಣು ಮುಚ್ಚಿದೆ.

"ಗಂಗವ್ವಗ ನೀರು ಹಾಕೂ ಹರಕಿ ಇತ್ತವಾ" ಎಂದರು ಅತ್ತೆ, ಸೆರಗು ಹಿಂಡುತ್ತ. "ಮುಗಿಸಿ ಬಂದೆ. ದೋಣಿ ಚಲೋ ಅದ."

ಅಂಥ ಹರಕೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಕೇಳಿದಾಕೆ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆದರೆ ಅತ್ತೆಯ ಮುಖ ನೋಡಿ ಯಾರೂ ಮುಂದೆ ಕೇಳಲಿಲ್ಲ.

ಅತ್ತೆಯ ಮನೆಗೆ ಹೋದಮೇಲೆ ನಾನು ಪಡಸಾಲೆಯ ಮೂಲೆಯಲ್ಲಿ ಕುಳಿತೆ. ಅತ್ತೆ ಸೀರೆ ಬದಲಿಸಿ ಬಂದು, ಮಗಳನ್ನು ಕರೆಯದೆ, ನನ್ನ ಮುಂದೆ ತಾಟು ಇಟ್ಟರು. ನಾನು ನೆಲ ನೋಡುತ್ತ, "ಒಳಗಿಂದ ಹಚ್ಚಿದ್ನಿರಿ. ಹೊರಗಿಂದ ಹಚ್ಚಬೇಕಿತ್ತು" ಎಂದೆ.

"ಹೌದಲ್ಲ ಮತ್ತ" ಎಂದರು. ಆಮೇಲೆ ನಗು ತಡೆಯಲಾಗದೆ ಬಾಗಿಲು ಹಿಡಿದು ನಿಂತರು. "ಆ ಟವಲ್ ಮ್ಯಾಲೆ ಕುಂತಿದ್ರಲ್ಲ, ಅದು ನನಗ ಆಗಳ ಗೊತ್ತಾಗಿತ್ತು."

ದೋಣಿಯನ್ನು ಮತ್ತೆ ಅಕ್ಕಿಆಲೂರಿಗೆ ತರುವ ಧೈರ್ಯ ನನಗಿರಲಿಲ್ಲ. ಕೆರೆಯ ದಂಡೆಯಲ್ಲೇ ಬೋರಲು ಹಾಕಿದೆ. ಹಳೆಯ ತೇಪೆಗಳನ್ನು ಕೆರೆದು ತೆಗೆದೆ. ಮೈದುನ ಒಳಗಿನಿಂದ ಭಾರವಾದ ಕಬ್ಬಿಣ ಆನಿಸಿ ಹಿಡಿದ, ನಾನು ಹೊರಗಿನಿಂದ ಸಡಿಲ ರಿವೆಟ್ಟುಗಳನ್ನು ಬಡಿದು ಬಿಗಿ ಮಾಡಿದೆ. ತಗಡು ಹೊಳೆಯುವವರೆಗೆ ತಿಕ್ಕಿ, ಈ ಸಲ ಹೊರಮೈಗೆ ಹಚ್ಚಿದೆ. ಅತ್ತೆ ಮರದ ನೆರಳಲ್ಲಿ ಶೇಂಗಾ ಸುಲಿಯುತ್ತ ಕುಳಿತು, "ಅಲ್ಲಿ ಒಂದು ಬಿಟ್ರಿ ನೋಡ್ರಿ" ಎಂದು ತೋರಿಸುತ್ತಿದ್ದರು. ಅವರು ತೋರಿಸಿದ ಜಾಗದಲ್ಲಿ ಹಲವು ಸಲ ತೂತೇ ಇರುತ್ತಿರಲಿಲ್ಲ. ನಾನು ಅಲ್ಲಿಗೂ ಹಚ್ಚಿದೆ.

ಚೆನ್ನಾಗಿ ಒಣಗಿದ ಮೇಲೆ ದೋಣಿ ನೀರಿಗಿಳಿಯಿತು. ಅತ್ತೆ ಹಿಂದು ಮುಂದು ನೋಡದೆ ಹತ್ತಿ ಕುಳಿತು, ತಳ ಮುಟ್ಟಿ ನೋಡಿ, ಒಣ ಅಂಗೈ ನನ್ನ ಕಡೆ ಎತ್ತಿ ತೋರಿಸಿದರು.

"ಬರ್ರಿ, ನೀವೂ ಕುಂದರ್ರಿ."

"ಅಂಗಡಿ ತೆಗೀಬೇಕ್ರಿ ಅತ್ತಿ, ಗಿರಾಕಿ ಬಂದು ನಿಂತಿರ್ತಾರ" ಎಂದು ನಾನು ದಂಡೆಯ ಮೇಲೆಯೇ ನಿಂತೆ.

ಅವತ್ತು ಅಂಗಡಿಗೆ ರಜೆ ಎಂದು ಅವರಿಗೂ ಗೊತ್ತಿತ್ತು. ಮಗನಿಗೆ ಹುಟ್ಟು ಹಾಕಲು ಸನ್ನೆ ಮಾಡಿದರು.