ಉಪ್ಪಿಲ್ಲದ ಕಲ್ಲು

ನವೆಂಬರ್ ಇಪ್ಪತ್ತೆರಡು, ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಹಾಜರಿದ್ದವರು: ಅಪ್ಪ, ಅಜ್ಜಿ, ನಾನು.

ಪಶ್ಚಿಮ ಜರ್ಮನಿಗೆ ಬಾನ್ ಇನ್ನೂ ರಾಜಧಾನಿಯಾಗಿದ್ದ ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಎಲ್ಲವನ್ನೂ ಹೀಗೆಯೇ ಬರೆಯಬೇಕಿತ್ತು. ಅಪ್ಪ ವಿಶ್ವವಿದ್ಯಾಲಯದಲ್ಲಿ ಖನಿಜಗಳ ಸಂಶೋಧಕ. ಅವರ ಪ್ರಯೋಗದ ಪುಸ್ತಕದಲ್ಲಿ ಮೊದಲು ತಾರೀಕು, ಗಂಟೆ, ಹಾಜರಿದ್ದವರು, ಆಮೇಲೆ ಕೆಲಸ. ಅದೇ ಶಿಸ್ತು ನನಗೂ. ದಿನಾ ಊಟಕ್ಕೆ ಮೊದಲು ನೀಲಿ ರಟ್ಟಿನ ಪುಸ್ತಕದಲ್ಲಿ ದಿನದ ಕೆಲಸ ಬರೆದು ಅಪ್ಪನ ರುಜು ಹಾಕಿಸಬೇಕು. ಹನ್ನೊಂದು ವರ್ಷದ ಹುಡುಗಿಗೆ ಅದು ಶಿಕ್ಷೆ ಎಂದು ಕೆಲವರಿಗೆ ಅನಿಸಬಹುದು. ನನಗೆ ಹೆಮ್ಮೆಯಿತ್ತು, ಈಗಲೂ ಇದೆ.

ಅಪ್ಪನ ಅಮ್ಮ, ನನ್ನ ಅಜ್ಜಿ, ಆ ವರ್ಷ ಉಡುಪಿಯಿಂದ ಆರು ತಿಂಗಳಿಗೆಂದು ಬಂದಿದ್ದರು. ಅವರ ಪೆಟ್ಟಿಗೆ ತೆರೆದರೆ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕರ್ಪೂರದ ವಾಸನೆ. ಆ ಶನಿವಾರ ಅಮ್ಮನಿಗೆ ಆಸ್ಪತ್ರೆಯಲ್ಲಿ ಪಾಳಿ ಇದ್ದುದರಿಂದ ಅಪ್ಪ ನಮ್ಮಿಬ್ಬರನ್ನೂ ಪ್ರಯೋಗಶಾಲೆಗೆ ಕರೆದುಕೊಂಡು ಹೋದರು.

ಅಪ್ಪ ಎರಡು ವರ್ಷದಿಂದ ಒಂದು ಉಲ್ಕಾಶಿಲೆಯ ಹಿಂದೆ ಬಿದ್ದಿದ್ದರು. ದಕ್ಷಿಣ ಧ್ರುವದ ಹಿಮದ ಮೇಲೆ ಸಿಕ್ಕಿದ ಕಲ್ಲು; ಅದರ ಎರಡೇ ಎರಡು ಚೂರು ಬಾನ್‌ಗೆ ಬಂದಿದ್ದವು. ಅದೂ ಲಾವಾದಂತೆ ಕರಗಿ ತಣಿದು ಹುಟ್ಟಿದ್ದೇ, ಆದರೆ ಭೂಮಿಯ ಲಾವಾದ ಹಾಗಲ್ಲ. ಕೂದಲಿಗಿಂತ ತೆಳ್ಳಗೆ ಉಜ್ಜಿದ ಅದರ ಪದರವನ್ನು ಅಪ್ಪ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ನೇರಳೆ ಛಾಯೆಯ ಪೈರಾಕ್ಸೀನ್ ಎಂಬ ಖನಿಜ, ಅದಕ್ಕೆ ಆ ಬಣ್ಣ ಟೈಟಾನಿಯಂನಿಂದ, ಸುಣ್ಣದಂಶ ಬೆರೆತ ಆಲಿವೀನ್, ನಡುವೆ ಬಿಳಿ ಕಡ್ಡಿಗಳಂಥ ಹರಳು. ನಮ್ಮ ಭೂಮಿಯ ಕಲ್ಲುಗಳಲ್ಲಿ ಆ ಬಿಳಿ ಹರಳಿಗೆ ಸೋಡಿಯಂ ಸೇರಿಯೇ ಇರುತ್ತದಂತೆ. ಇದರಲ್ಲಿ ಬರೀ ಕ್ಯಾಲ್ಸಿಯಂ. ಸೋಡಿಯಂ ಎಂದರೆ ಉಪ್ಪಿನಲ್ಲಿರುವುದೇ. ಹುಟ್ಟುವಾಗಿನ ಉರಿಗೆ ಅದೆಲ್ಲ ಹಾರಿಹೋಗಿರಬೇಕು ಎನ್ನುವುದು ಅಪ್ಪನ ವಾದ. ಕಲ್ಲನ್ನು ಅರೆದು, ಆಮ್ಲದಲ್ಲಿ ಕರಗಿಸಿ, ಅಳೆದು ಅದನ್ನು ಸಾಧಿಸಬೇಕಿತ್ತು.

ಅಗೇಟ್ ಎಂಬ ಗಟ್ಟಿ ಕಲ್ಲಿನ ಅಂಗೈಯಗಲದ ಒರಳಿನಲ್ಲಿ ಅಪ್ಪ ಮೊದಲ ಚೂರನ್ನು ಅರೆಯತೊಡಗಿದಾಗ ಅಜ್ಜಿ ಹೇಳಿದರು: "ನಾನು ಕಲ್ಲಿನಲ್ಲಿ ಅರೆದೆ. ನೀನು ಕಲ್ಲನ್ನೇ ಅರೀತಿದ್ದೀಯಲ್ಲ ಮಾಣಿ. ಇದಕ್ಕೆ ಇಷ್ಟು ಓದಬೇಕಿತ್ತಾ?"

ಅಪ್ಪ ನಗುತ್ತಾ ತಕ್ಕಡಿ ನೋಡಲು ಪಕ್ಕದ ಕೋಣೆಗೆ ಹೋದರು. ನಾನು ಹೊರಗೆ ಕಾರಿಡಾರಿನ ನೆಲದ ಚೌಕಗಳ ಮೇಲೆ ಸೀಸೆಯ ಬಿರಡೆ ಎಸೆದು ಕುಂಟೆಬಿಲ್ಲೆ ಆಡುತ್ತಿದ್ದೆ. ತೆರೆದ ಬಾಗಿಲಿನಿಂದ ಕಂಡಿತು: ಅಜ್ಜಿ ಸೆರಗಿನ ತುದಿಯ ಗಂಟು ಬಿಚ್ಚಿ, ಕಲ್ಲುಪ್ಪನ್ನು ಮುಷ್ಟಿಯಲ್ಲಿ ಹಿಡಿದು, ಒರಳಿಗೆ ಮೂರು ಸುತ್ತು ನಿವಾಳಿಸಿದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ನಾಲ್ಕು ಊರಿನವರ ಕಣ್ಣು ಬಿದ್ದ ಕಲ್ಲು. ದೃಷ್ಟಿ ತೆಗೆದದ್ದನ್ನು ಹೇಳಬಾರದು, ಗೊತ್ತಾಯ್ತಾ?"

ನಿವಾಳಿಸಿದ ಉಪ್ಪನ್ನು ಬೆಂಕಿಗೆ ಹಾಕಬೇಕು. ನಮ್ಮದು ವಿದ್ಯುತ್ ಒಲೆ. ಬಿಸಿಯಾದ ಕಬ್ಬಿಣದ ಬಿಲ್ಲೆ ಬೆಂಕಿಯಾಗುವುದಿಲ್ಲ ಎಂದು ಅಜ್ಜಿ ಸಂಜೆಯೆಲ್ಲ ಗೊಣಗಿದರು. ಅಂದು ನನ್ನ ಪುಸ್ತಕದಲ್ಲಿ ಕುಂಟೆಬಿಲ್ಲೆ ಇತ್ತು, ಸೂಕ್ಷ್ಮದರ್ಶಕ ಇತ್ತು. ಉಪ್ಪು ಇರಲಿಲ್ಲ. ಅಪ್ಪ ರುಜು ಹಾಕಿದರು.

ಮುಂದಿನ ಗುರುವಾರ ಅಪ್ಪ ಬಂದು ಕೋಟನ್ನೂ ಬಿಚ್ಚದೆ ಕುಳಿತರು. ದ್ರಾವಣವನ್ನು ಜ್ವಾಲೆಗೆ ಸಿಂಪಡಿಸಿದಾಗ ನೀಲಿ ಜ್ವಾಲೆ ಸೇವಂತಿಗೆಯಂತೆ ಹಳದಿಯಾಗಿತ್ತಂತೆ. ಹಳದಿ ಎಂದರೆ ಸೋಡಿಯಂ. ಸೂಕ್ಷ್ಮದರ್ಶಕ ಒಂದು ಹೇಳುತ್ತಿತ್ತು, ಜ್ವಾಲೆ ಇನ್ನೊಂದು. ತಪ್ಪಿನ ಕಾರಣ ತಿಳಿಯದೆ ಎರಡನೆಯ ಚೂರನ್ನು ಮುಟ್ಟುವಂತಿಲ್ಲ ಎಂದು ಅಪ್ಪನ ವಿಭಾಗದ ಪ್ರೊಫೆಸರ್ ಹೇಳಿದ್ದರು. ಸೋಮವಾರದೊಳಗೆ ಕಾರಣ ಸಿಗದಿದ್ದರೆ ಅಪ್ಪ ತಮ್ಮ ವಾದವನ್ನು ಹಿಂದಕ್ಕೆ ಪಡೆಯಬೇಕು.

ಹುಳಿ ಆರುತ್ತಿತ್ತು. ಅಪ್ಪ ಪ್ರಯೋಗದ ಪುಸ್ತಕ ತೆರೆದು ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದರು. 'ಹಾಜರಿದ್ದವರು: ನಾನು, ನನ್ನ ಅಮ್ಮ, ಮಗಳು.' ನಾನು ತಟ್ಟೆ ಸರಿಸಿದೆ. ಅಜ್ಜಿಯ ಮುಖ ನೋಡದೆ ಹೇಳಿದೆ:

"ಅಪ್ಪಾ, ಅಜ್ಜಿ ಒರಳಿಗೆ ಉಪ್ಪು ನಿವಾಳಿಸಿದ್ರು. ನಾನು ನೋಡಿದೆ, ಬರೀಲಿಲ್ಲ."

ಅಜ್ಜಿ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಡಿಸುವ ಸೌಟನ್ನು ಕೆಳಗಿಟ್ಟರು. "ಹೌದು ಮಾಣಿ, ನಾನೇ. ಉದುರಿದ ನಾಲ್ಕು ಕಾಳು ಆ ಯಂತ್ರಕ್ಕೆ ಗೊತ್ತಾಗ್ತದಾ?"

"ಅದರ ನೂರನೇ ಪಾಲಾದರೂ ಗೊತ್ತಾಗ್ತದಮ್ಮ."

"ಹಾಗಾದ್ರೆ ಒಳ್ಳೇ ಯಂತ್ರ," ಎಂದರು ಅಜ್ಜಿ. ಸೌಟನ್ನು ಮತ್ತೆ ಎತ್ತಿಕೊಂಡು, "ಅಂತೂ ಉಪ್ಪು ಬೆಂಕಿಗೆ ಬಿತ್ತಲ್ಲ."

ಅಪ್ಪ ಆ ವಾರದಲ್ಲಿ ಮೊದಲ ಬಾರಿ ನಕ್ಕರು.

ಮರುದಿನ ಪ್ರೊಫೆಸರ್ ಮುಂದೆ ಅಪ್ಪ ಏನನ್ನೂ ಮುಚ್ಚಿಡಲಿಲ್ಲ. ನನ್ನ ಹೆಮ್ಮೆಯ ಮೂಲ ಅದೇ. 'ಅಶುದ್ಧಿಗೆ ಕಾರಣ: ನನ್ನ ತಾಯಿಯ ಉಪ್ಪು' ಎಂದು ಜರ್ಮನ್‌ನಲ್ಲಿ ಬರೆದುಕೊಟ್ಟರು. ಪ್ರೊಫೆಸರ್ ನಗಲಿಲ್ಲ. ಎಷ್ಟು ಗ್ರಾಂ ಎಂದು ಕೇಳಿದರಂತೆ. ಸಂಜೆ ಅಪ್ಪ ಅದನ್ನು ಅಜ್ಜಿಗೆ ದಾಟಿಸಿದಾಗ ಅವರು, "ಒಂದು ಮುಷ್ಟಿ ಅಂತ ಹೇಳು," ಎಂದರು. ಎರಡನೆಯ ಚೂರು ಸಿಕ್ಕಿತು.

ಎರಡು ವಾರದ ನಂತರದ ಶನಿವಾರ ನಾವು ಮೂವರೂ ಹೋದೆವು. ಅಜ್ಜಿ ತಾವಾಗಿಯೇ ಸೆರಗು ಕೊಡವಿ ಕಾರಿಡಾರಿನ ಕುರ್ಚಿಯಲ್ಲಿ ಕುಳಿತರು. ಒಳಗೆ ಜ್ವಾಲೆ ನೀಲಿಯಾಗಿಯೇ ಉರಿಯಿತು. ಕಣ್ಣಿಗೆ ಹಳದಿ ಕಾಣಲೇ ಇಲ್ಲ. ಪ್ರೊಫೆಸರ್ ಹೊರಗೆ ಬಂದು ಅಜ್ಜಿಯ ಮುಂದೆ ತಲೆಬಾಗಿದರು. ಅಜ್ಜಿ ಎದ್ದು ಕೈ ಮುಗಿದರು.

ಈಗ ಆ ಒರಳು ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿದೆ. ಅರೆಯುವುದನ್ನು ಯಂತ್ರ ಮಾಡುತ್ತದೆ. ಅಜ್ಜಿ ಇಲ್ಲ, ಅಪ್ಪನೂ ಇಲ್ಲ. ತಮ್ಮ ಮನೆಯ ತಪ್ಪನ್ನು ಅಷ್ಟು ನೇರವಾಗಿ ಬರೆದು ರುಜು ಹಾಕುವವರನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ. ನನ್ನ ಮಕ್ಕಳು ಕಣ್ಣು ಬೀಳುವುದು ಎಂದರೇನು ಎಂದು ಜರ್ಮನ್‌ನಲ್ಲಿ ಕೇಳುತ್ತಾರೆ. ನೀಲಿ ಪುಸ್ತಕ ಮಾತ್ರ ನನ್ನ ಬಳಿ ಇದೆ.

ಜ್ವಾಲೆ ನೀಲಿಯಾಗಿ ಉರಿದ ಆ ಶನಿವಾರ ಸಂಜೆ ಮನೆಗೆ ಬಂದು ಅದನ್ನು ತೆಗೆದೆ. ನವೆಂಬರ್ ಇಪ್ಪತ್ತೆರಡರ ಪುಟದ ಅಡಿಯಲ್ಲಿ ಜಾಗವಿತ್ತು. 'ಅಜ್ಜಿ ಉಪ್ಪು ನಿವಾಳಿಸಿದರು. ಮೂರು ಸುತ್ತು. ನಾನು ನೋಡಿದೆ,' ಎಂದು ಬರೆದು ಅಪ್ಪನ ಮುಂದಿಟ್ಟೆ. ಅಪ್ಪ ಓದಿ, ಹಳೆಯ ರುಜುವಿನ ಕೆಳಗೆ ಇನ್ನೊಂದು ರುಜು ಹಾಕಿದರು. ಊಟಕ್ಕೆ ಬಾಳೆಲೆ ಸಿಗದ ಊರು. ನಾನು ತಟ್ಟೆ ಇಟ್ಟೆ.