ಸೊನ್ನೆಯನ್ನು ನಂಬದ ಸುಮಲತಾ

ಸುಮಲತಾಗೆ ಯಾರ ಮುಂದೆಯೂ ಆಡದ ಒಂದು ಅಂಜಿಕೆಯಿದೆ. ಪರದೆಯ ಮೇಲೆ ಮೂಡುವ ಸೊನ್ನೆ ನಿಜಕ್ಕೂ ಸೊನ್ನೆಯೇ? ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಹಳೆಯ ಕಟ್ಟಡದ ಮೆಟ್ಟಿಲು ಹತ್ತುವಾಗ ದಿನಾ ನಸುಕಿನಲ್ಲಿ ತನ್ನನ್ನು ತಾನೇ ಕೇಳಿಕೊಳ್ಳುತ್ತಾಳೆ. ಕೀಲಿ ತೆಗೆದು, ಕಸ ಹೊಡೆದು, ಕಂಪ್ಯೂಟರಿನ ಮುಂದೆ ಕೂತ ಮೇಲೆ ಕೇಳುವುದನ್ನು ಬಿಡುತ್ತಾಳೆ. ಕೆಲಸ ಸಾಗಬೇಕಲ್ಲ.

ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುತ್ತಾಳೆ. ಯಾವ ಪುಟವೂ ತೆರೆದದ್ದು ಕಾಣುವುದಿಲ್ಲ. ಆದರೆ ಒಳಗೊಳಗೇ, ಕಣ್ಣಿಗೆ ಬೀಳದ ಬ್ರೌಸರೊಂದು ಎದ್ದು ರಕ್ತನಿಧಿಗಳ ಜಾಲತಾಣಕ್ಕೆ ಹೋಗುತ್ತದೆ. ಅಲ್ಲಿ ಸುಮಲತಾ ಜಾವಾಸ್ಕ್ರಿಪ್ಟಿನಲ್ಲಿ ಬರೆದಿಟ್ಟ ಆಜ್ಞೆಗಳ ಪಟ್ಟಿ, ಅಂದರೆ ಅವಳ ಸ್ಕ್ರಿಪ್ಟು, ಜಿಲ್ಲೆಯನ್ನು ಆರಿಸುತ್ತದೆ, ಗುಂಡಿ ಒತ್ತುತ್ತದೆ, ತುಸು ಕಾಯುತ್ತದೆ, ಯಾವ ಗುಂಪಿನ ರಕ್ತ ಎಲ್ಲಿ ಎಷ್ಟು ಬಾಟಲಿ ಇದೆಯೆಂದು ಓದಿಕೊಂಡು ಬರುತ್ತದೆ.

"ನಾ ಹೇಳಿದ್ದಷ್ಟ ಮಾಡ್ತೈತ್ರಿ ಅದು," ಎನ್ನುತ್ತಾಳೆ ಆಕೆ ಕೇಳಿದವರಿಗೆ, ದನಿಯೇ ಏಳದಂತೆ. "ಕಂಡದ್ದನ್ನ ತರ್ತೈತಿ. ಕಂಡದ್ದು ಖರೇನೋ ಸುಳ್ಳೋ, ಅದಕ್ಕ ತಿಳಿಯಂಗಿಲ್ಲ."

ದುರ್ಗದಬೈಲು ಪೇಟೆಯ ನಾಲ್ಕಾರು ವ್ಯಾಪಾರಿಗಳು ಕೂಡಿ ನಡೆಸುವ, ರಕ್ತ ಎಲ್ಲಿದೆಯೆಂದು ತಿಳಿಸುವ ಸಹಾಯವಾಣಿ ಇದು. ಆಸ್ಪತ್ರೆಯ ವರಾಂಡಗಳಿಂದ ಫೋನುಗಳು ಬರುತ್ತವೆ. ಎತ್ತಿ ಮಾತಾಡುವವಳು ಅಬೀದಾ. ಸುಮಲತಾಳ ಹೆಸರು ಕೇಳಿದ ರೋಗಿ ಒಬ್ಬನೂ ಈ ಊರಲ್ಲಿಲ್ಲ. ಧಾರವಾಡದಲ್ಲಿ ಬಿಸಿಎ ಮುಗಿಸಿದವಳು. ಸಂದರ್ಶನಕ್ಕೆ ಹೋದಲ್ಲೆಲ್ಲ ನಾಲಿಗೆ ಒಣಗಿ, ಬಂದ ದಾರಿಯಲ್ಲೇ ವಾಪಸಾದವಳು. ಇಲ್ಲಿ ಮಾತಾಡುವ ಅಗತ್ಯವಿಲ್ಲ ಎಂದದ್ದಕ್ಕೇ ಒಪ್ಪಿಕೊಂಡಳು.

"ಕಂಪ್ಯೂಟರಿಗೂ ಬಾಯಿಲ್ಲ, ಈಕಿಗೂ ಬಾಯಿಲ್ಲ. ಜೋಡಿ ಛಲೋ ಕೂಡೇತಿ," ಎಂದು ಅಬೀದಾ ಛೇಡಿಸುತ್ತಾಳೆ. ಸುಮಲತಾ ನಗುತ್ತಾಳೆ, ಅಷ್ಟೇ.

ಆ ನಗುವಿನ ಹಿಂದೆ ಕಳೆದ ಬೇಸಿಗೆಯ ಒಂದು ಮುಂಜಾನೆ ಕೂತಿದೆ. ಆ ಜಾಲತಾಣ ಅಂಕಿಗಳು ಬರುವವರೆಗೆ ಕೋಷ್ಟಕದ ಎಲ್ಲ ಮನೆಗಳಲ್ಲೂ ಸೊನ್ನೆ ತೋರಿಸುತ್ತದೆ. ಇಂಟರ್ನೆಟ್ಟು ನಿಧಾನವಾದ ದಿನ ಸ್ಕ್ರಿಪ್ಟು ಆ ಬರೀ ಸೊನ್ನೆಯನ್ನೇ ಎತ್ತಿಕೊಂಡು ಬರುತ್ತದೆ. ಅಂಥದೊಂದು ಸೊನ್ನೆ ನಂಬಿ ಒಂದು ಕುಟುಂಬ ಬೆಳಗಾವಿಗೆ ಓಡಿತು. ರಕ್ತ ಹಿಡಿದು ಮರಳುವಷ್ಟರಲ್ಲಿ ವಾರ್ಡಿನ ಹಾಸಿಗೆ ಖಾಲಿಯಾಗಿತ್ತು. ಅವರು ಹೊರಟು ಹೋದ ಸ್ವಲ್ಪ ಹೊತ್ತಿಗೇ, ಇದೇ ಊರಿನ ರಕ್ತನಿಧಿಯ ಸಾಲಿನಲ್ಲಿ ಅದೇ ಗುಂಪಿನ ಅಂಕಿ ಮೂಡಿತ್ತು. ಯಾರೂ ಯಾರನ್ನೂ ಕೇಳಲಿಲ್ಲ.

ಸುಮಲತಾ ಮರುದಿನವೇ ಸ್ಕ್ರಿಪ್ಟಿಗೆ ಹೊಸ ಸಾಲುಗಳನ್ನು ಸೇರಿಸಿದಳು. ಅಂಕಿ ಬಂದದ್ದು ಖಾತ್ರಿಯಾಗದಿದ್ದರೆ ಸೊನ್ನೆಯ ಬದಲು 'ಗೊತ್ತಿಲ್ಲ' ಎಂದು ಬರೆಯುವ ಸಾಲುಗಳು. ಸಹಾಯವಾಣಿಯ ಮೇಲ್ವಿಚಾರಕ ರಮಾಕಾಂತ ಅವನ್ನು ತೆಗೆಸಿದರು.

"ಗೊತ್ತಿಲ್ಲ ಅನ್ನಾಕ ಸಹಾಯವಾಣಿ ಯಾಕ ಬೇಕವಾ?" ಎನ್ನುತ್ತಾರೆ ಅವರು, ಈಗಲೂ. "ಸಾಯಾಕತ್ತವ್ರ ಮನಿ ಮಂದಿಗೆ ಒಂದು ಮಾತು ಬೇಕು. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ. ನಡಕಿಂದು ತಗೊಂಡು ಅವ್ರೇನ್ ಮಾಡ್ತಾರು?" ಕೆಟ್ಟ ಮನುಷ್ಯನಲ್ಲ. ಎಷ್ಟೋ ಸಲ ತಾವೇ ಹೋಗಿ ರಕ್ತ ಕೊಟ್ಟು ಬಂದಿದ್ದಾರೆ. ಅದಕ್ಕೇ ಸುಮಲತಾಗೆ ಎದುರಾಡುವುದು ಇನ್ನೂ ಕಷ್ಟ.

ಇವತ್ತು ಮುಗದ ಹಳ್ಳಿಯ ಲಕ್ಕಪ್ಪ ಫೋನು ಮಾಡದೆ ಮಹಡಿಗೇ ಬಂದು ನಿಂತಿದ್ದಾನೆ. ಹೆಂಡತಿ ದೇವಕ್ಕನಿಗೆ ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್ ತನ್ನಿ ಎಂದು ಆಸ್ಪತ್ರೆಯವರು ಚೀಟಿ ಕೊಟ್ಟು ಕಳಿಸಿದ್ದಾರೆ. ಅಂಗಿಯ ತೋಳಿಗೆ ಕಲೆಯಿದೆ. ಅವನಿಗೆ ಅದರ ಖಬರಿಲ್ಲ.

"ಏನ್ ಬಂತ್ರಿ ಅಕ್ಕಾರ?"

ಬಂದದ್ದು ಸೊನ್ನೆ. ಮತ್ತೊಮ್ಮೆ ಆಜ್ಞೆ ಕೊಡುತ್ತಾಳೆ. ಮತ್ತೆ ಸೊನ್ನೆ. ಓ ನೆಗೆಟಿವ್ ಸಿಗುವುದೇ ಅಪರೂಪ, ಇಲ್ಲದಿದ್ದರೂ ಸೋಜಿಗವಲ್ಲ. ಆದರೆ ಅದೇ ಸಾಲಿನ ಪಕ್ಕದ ಮನೆಗಳ ಮೇಲೆ ಅವಳ ಕಣ್ಣು ನಿಲ್ಲುತ್ತದೆ. ಬಿ ಪಾಸಿಟಿವ್, ಸೊನ್ನೆ. ಓ ಪಾಸಿಟಿವ್, ಅದೂ ಸೊನ್ನೆ. ಎಲ್ಲೆಡೆ ಸಿಗುವ ಗುಂಪುಗಳೂ ಒಮ್ಮೆಗೇ ಖಾಲಿ; ಯಾವ ರಕ್ತನಿಧಿಯಲ್ಲೂ ಹಾಗಾಗುವುದಿಲ್ಲ.

"ಫೋನ್ ಎತ್ತವಲ್ರು," ಅಬೀದಾ ರಿಸೀವರ್ ಕೆಳಗಿಡುತ್ತಾಳೆ. "ಮಾರ್ಕೆಟ್ ಹಿಂದಿನ ರಕ್ತನಿಧಿಯವ್ರು. ಬಾಗಲಾ ಬಡದ್ರ ತಗೀತಿದ್ರೋ ಏನೋ."

"ಅಲ್ಲಿ ಹೋಗಿ ಇಲ್ಲಾ ಅನಿಸ್ಕೊಂಡು ಮತ್ತ ಬೆಳಗಾವಿಗೆ ಹೊಂಟ್ರ ಹೊತ್ತ ಹೋಕ್ಕೈತಿ," ಎನ್ನುತ್ತಾರೆ ಪಕ್ಕದ ಮೇಜಿನಿಂದ ರಮಾಕಾಂತ. "ತಮ್ಮಾ, ಹುಬ್ಬಳ್ಳ್ಯಾಗ ಇಲ್ಲಪಾ. ಲಗೂ ಬೆಳಗಾವಿಗೆ ಹೊಂಡು. ಅಲ್ಲಿಗೆ ನಾ ಹೇಳಿಡ್ತೇನಿ."

ಲಕ್ಕಪ್ಪ ಕೈ ಮುಗಿಯುತ್ತಾನೆ. ಕೆಳಗೆ ಬಾಡಿಗೆ ಗಾಡಿ ಚಾಲೂ ಇದೆ, ಅದರ ಗುರುಗುರು ಮಹಡಿಗೂ ಕೇಳುತ್ತದೆ. ಅವನು ಮೆಟ್ಟಿಲಿಳಿಯತೊಡಗುತ್ತಾನೆ.

ಸುಮಲತಾ ಎದ್ದಾಗ ಕುರ್ಚಿ ಹಿಂದಕ್ಕೆ ಬೀಳುತ್ತದೆ. ರಮಾಕಾಂತರ ಮುಖ ನೋಡುವುದಿಲ್ಲ, ನೋಡಿದರೆ ಬಾಯಿ ಕಟ್ಟುತ್ತದೆಂದು ಅವಳಿಗೆ ಗೊತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಗೋಡೆ ಹಿಡಿದು, ಅರ್ಧ ಇಳಿದವನನ್ನು ಕೂಗುತ್ತಾಳೆ. ಒಣಗಿದ ದನಿ, ಆದರೂ ಕೇಳುವಷ್ಟಿದೆ.

"ಅಣ್ಣಾರ, ನಿಂದರ್ರಿ, ನಾನೂ ಬರ್ತೇನಿ ಬಾಗಲಾ ಬಡ್ಯಾಕ. ಇಲ್ಲ ಅನ್ನೂದು ಖರೇ ಅಲ್ಲರಿ. ಐತೋ ಇಲ್ಲೋ, ನಮಗ ಗೊತ್ತಿಲ್ಲ."